ನಿಮಿಷಕ್ಕೆ ಅರವತ್ತು

ಅರವತ್ತೆರಡು ವರ್ಷದ ಹೆಂಗಸೊಬ್ಬಳು ಜಗಲಿಯಲ್ಲಿ ಗಿಟಾರ್ ಹಿಡಿದು ಕೂತರೆ ಊರು ಸುಮ್ಮನಿರುತ್ತದೆಯೇ? ನಮ್ಮದೇನೂ ದೊಡ್ಡ ಊರಲ್ಲ. ಹೊನ್ನಾವರದಿಂದ ಶರಾವತಿಯ ಸೇತುವೆ ದಾಟಿ, ಕಾಸರಕೋಡು ಕಳೆದು, ಹೆದ್ದಾರಿ ಬಿಟ್ಟು ಸಮುದ್ರದ ಕಡೆಗೆ ತಿರುಗಿದರೆ ಸಿಗುವ ಅಪ್ಸರಕೊಂಡ. ಒಂದು ಗುಡ್ಡ, ಗುಡ್ಡದಿಂದ ಬೀಳುವ ನೀರು, ನೀರು ಬೀಳುವಲ್ಲಿ ಒಂದು ಕೊಂಡ, ದೇವಸ್ಥಾನ, ಸುತ್ತ ತೆಂಗು-ಅಡಿಕೆಯ ತೋಟ. ಅಪ್ಸರೆಯರು ಇಲ್ಲಿ ಮೀಯಲು ಬರುತ್ತಿದ್ದರು ಎನ್ನುತ್ತಾರೆ. ಬಂದಿದ್ದರೆ ಅವರ ಬಗ್ಗೆಯೂ ನಮ್ಮೂರಿನವರು ನಾಲ್ಕು ಮಾತು ಆಡಿಯೇ ಇರುತ್ತಾರೆ.

ನನ್ನ ಬಗ್ಗೆ ಆಡಿದ್ದು ಇಷ್ಟು: “ಅಕ್ಕೋರಿಗೆ ರಿಟೈರ್ ಆದ್ಮೇಲೆ ಹೊತ್ತು ಹೋಗ್ತಿಲ್ಲ, ಪಾಪ.” ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನೆಲ್ಲ ಅಕ್ಕೋರು ಎಂದೇ ಕರೆಯುವುದು. ಇನ್ನೊಬ್ಬರು ಎದುರಿಗೇ ಕೇಳಿದರು, “ಕಲಿಯೋದೇ ಆದ್ರೆ ಹಾರ್ಮೋನಿಯಂ ಕಲಿಬಹುದಿತ್ತು. ಭಜನೆಗಾದ್ರೂ ಆಗ್ತಿತ್ತು.” ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಹೆಂಗಸು ಒಂದು ಕೆಲಸಕ್ಕೆ ಕೈಹಾಕಿದರೆ ಅದು ಯಾರಿಗಾದರೂ ಉಪಯೋಗಕ್ಕೆ ಬರಬೇಕು ಎಂಬುದು ಅವರಿಗೆ ಉಸಿರಾಟದಷ್ಟು ಸಹಜವಾದ ನಂಬಿಕೆ. ನನಗೂ ಬಹಳ ಕಾಲ ಹಾಗೇ ಇತ್ತು.

ಗಿಟಾರ್ ಮಗನದು. ಇಂಜಿನಿಯರಿಂಗ್ ಓದುವಾಗ ಕೊಂಡದ್ದು. ಆರು ತಿಂಗಳು ಬಾರಿಸಿ, ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದವನು ಅದನ್ನು ಇಲ್ಲಿಯೇ ಗೋಡೆಗೆ ತೂಗುಹಾಕಿ ಹೋದ. ಕಡಲತೀರದ ಉಪ್ಪುಗಾಳಿಗೆ ತಂತಿಗಳು ತುಕ್ಕು ಹಿಡಿದು ಕಂದುಬಣ್ಣಕ್ಕೆ ತಿರುಗಿದ್ದವು. ಮಳೆಗಾಲ ಮುಗಿದ ಮೇಲೆ ಬೂಸರು ಒರೆಸಲೆಂದು ಕೆಳಗಿಳಿಸಿದಾಗ ಬೆರಳು ತಾಗಿ ದಪ್ಪ ತಂತಿಯೊಂದು ‘ಧುಂ’ ಎಂದಿತು. ಅಷ್ಟೇ. ಇದಕ್ಕಿಂತ ದೊಡ್ಡ ಕಾರಣ ಹುಡುಕಿದರೂ ನನಗೆ ಸಿಗುವುದಿಲ್ಲ.

ಕಲಿಸಲು ಒಬ್ಬ ಹುಡುಗ ಸಿಕ್ಕಿದ. ಹುಡುಗನೇನು, ಮೂವತ್ತು ದಾಟಿದವನು. ಕಾಸರಕೋಡಿನ ಕಡೆಯವನು, ಭಾನುವಾರ ಇಗರ್ಜಿಯಲ್ಲಿ ಬಾರಿಸುತ್ತಾನೆ, ಮದುವೆಗಳಿಗೂ ಹೋಗುತ್ತಾನೆ. ಮೊದಲ ದಿನ ಬಂದವನೇ ಕಾಲು ಮುಟ್ಟಿ ನಮಸ್ಕರಿಸಿ, “ಅಕ್ಕೋರೆ, ನಾನು ಮೂರನೇ ಕ್ಲಾಸಲ್ಲಿ ನಿಮ್ಮ ಹತ್ರವೇ ಕಲಿತದ್ದು” ಎಂದ. ನನಗೆ ಅವನ ಮುಖ ಎಷ್ಟು ನೋಡಿದರೂ ನೆನಪಾಗಲಿಲ್ಲ. “ಹೌದೌದು, ಗೊತ್ತಾಯ್ತು” ಎಂದುಬಿಟ್ಟೆ. ನೋಡಿ, ಪಾಠ ಶುರುವಾಗುವ ಮೊದಲೇ ಗುರುವಿನ ಎದುರು ಒಂದು ಸುಳ್ಳು!

ಅವನು ಕೊಟ್ಟ ಮೊದಲ ಪಾಠದಲ್ಲಿ ಹಾಡೂ ಇರಲಿಲ್ಲ, ರಾಗವೂ ಇರಲಿಲ್ಲ. ಗಿಟಾರಿನ ಕತ್ತಿನ ಮೇಲೆ ವೀಣೆಯ ಮೆಟ್ಟುಗಳ ಹಾಗೆ ಅಡ್ಡ ಲೋಹದ ಕಂಬಿಗಳಿರುತ್ತವೆ. ಅವಕ್ಕೆ ಫ್ರೆಟ್ ಎನ್ನುತ್ತಾರೆ. ಮೇಲಿನ ದಪ್ಪ ತಂತಿಯ ಮೇಲೆ ಮೊದಲನೆಯ ಮನೆಯಲ್ಲಿ ತೋರುಬೆರಳು, ಎರಡನೆಯದರಲ್ಲಿ ನಡುಬೆರಳು, ಮೂರನೆಯದರಲ್ಲಿ ಉಂಗುರದ ಬೆರಳು, ನಾಲ್ಕನೆಯದರಲ್ಲಿ ಕಿರುಬೆರಳು. ಒಂದು, ಎರಡು, ಮೂರು, ನಾಲ್ಕು. ಆಮೇಲೆ ಕೆಳಗಿನ ತಂತಿ. ಹೀಗೆ ಆರೂ ತಂತಿ ಮುಗಿಸಿ, ಬಂದ ದಾರಿಯಲ್ಲೇ ತಿರುಗಿ ಹೋಗಬೇಕು. ಬಲಗೈಯಲ್ಲಿ ಹಿಡಿದ ಪಿಕ್ಕು ಒಂದು ಸಲ ಕೆಳಗೆ, ಒಂದು ಸಲ ಮೇಲೆ. ಹೋಗುವಾಗ ಇಪ್ಪತ್ತನಾಲ್ಕು ಸ್ವರ, ಬರುವಾಗ ಇಪ್ಪತ್ತನಾಲ್ಕು. ಇದರಲ್ಲಿ ಕಷ್ಟವೇನು ಎಂದು ನನಗನ್ನಿಸಿತು. ಮೂವತ್ತೈದು ವರ್ಷ ಮಕ್ಕಳಿಗೆ ಮಗ್ಗಿ ಬಾಯಿಪಾಠ ಮಾಡಿಸಿದವಳು ನಾನು.

ವಾರ ಕಳೆದು ಅವನು ಬಂದಾಗ ಸರ್ರನೆ ಬಾರಿಸಿ ತೋರಿಸಿದೆ. ಒಳಗಿದ್ದ ನಮ್ಮವರು ಹೊರಗೆ ಬಂದು, “ಅಡ್ಡಿಲ್ಲೆ, ಅಡ್ಡಿಲ್ಲೆ” ಎಂದರು. ಹುಡುಗ ಏನೂ ಹೇಳಲಿಲ್ಲ. ಮೊಬೈಲು ತೆಗೆದು ಏನೋ ಒತ್ತಿ ಮೇಜಿನ ಮೇಲಿಟ್ಟ. ಅದು ಟಿಕ್, ಟಿಕ್ ಎಂದು ನಿಮಿಷಕ್ಕೆ ಅರವತ್ತರಂತೆ ಬಡಿಯತೊಡಗಿತು. ಗೋಡೆ ಗಡಿಯಾರದ ನಡಿಗೆ ಅದು.

“ಒಂದು ಟಿಕ್ಕಿಗೆ ಒಂದೇ ಸ್ವರ ಅಕ್ಕೋರೆ.”

ಅಬ್ಬಾ, ಆ ನಲವತ್ತೆಂಟು ಸೆಕೆಂಡು! ಓಡುವಾಗ ಕಾಣದ ಕಸವೆಲ್ಲ ಆಗ ಕಂಡಿತು. ಬೆರಳು ಕಂಬಿಯಿಂದ ದೂರ ಬಿದ್ದಲ್ಲಿ ತಂತಿ ‘ಗರ್’ ಎನ್ನುತ್ತಿತ್ತು. ಕಂಬಿಯ ಮೇಲೆಯೇ ಬಿದ್ದಲ್ಲಿ ಸ್ವರ ಉಸಿರುಕಟ್ಟಿ ಸಾಯುತ್ತಿತ್ತು. ಒಂದು ತಂತಿ ಬಿಟ್ಟು ಇನ್ನೊಂದಕ್ಕೆ ಹೋದರೂ ಹಿಂದಿನದು ಕೊಂಯ್ಯೆನ್ನುತ್ತಲೇ ಇತ್ತು. ಕಿರುಬೆರಳಂತೂ ಪ್ರತಿ ಸಲವೂ ಆಕಾಶಕ್ಕೆ ಏಳುತ್ತಿತ್ತು, ಅಷ್ಟು ದೂರದಿಂದ ಇಳಿದು ಬರುವಾಗ ತಾನು ಹೋಗಬೇಕಾದ ಮನೆಯನ್ನೇ ಮರೆಯುತ್ತಿತ್ತು. ಹೆಬ್ಬೆರಳು ಕತ್ತಿನ ಹಿಂದೆ ಕಲ್ಲಿನಂತೆ ಬಿಗಿದುಕೊಂಡಿತ್ತು. ಇಷ್ಟೆಲ್ಲ ಇಟ್ಟುಕೊಂಡೇ ನಾನು ಸರ್ರನೆ ಬಾರಿಸಿ ‘ಅಡ್ಡಿಲ್ಲೆ’ ಎನ್ನಿಸಿಕೊಂಡಿದ್ದೆ.

“ನೂರಿಪ್ಪತ್ತರಲ್ಲಿ ಬಾರಿಸಿದ್ರೆ ತಪ್ಪು ಹೋಗೂದಿಲ್ಲ ಅಕ್ಕೋರೆ, ಕಾಣೂದಿಲ್ಲ ಅಷ್ಟೇ” ಎಂದ ಹುಡುಗ. “ನಮ್ಮ ಕೈಗೆ ಸರಿ ತಪ್ಪು ಗೊತ್ತಿಲ್ಲ. ನೂರು ಸಲ ಮಾಡಿದ್ದನ್ನ ಅದು ಕಲಿತದೆ. ತಪ್ಪನ್ನ ನೂರು ಸಲ ಮಾಡಿದ್ರೆ ತಪ್ಪನ್ನೇ ಚಲೋ ಕಲಿತದೆ.”

ಈ ಮಾತನ್ನು ಅವನು ಗಿಟಾರಿನ ಬಗ್ಗೆ ಮಾತ್ರ ಹೇಳಿದ್ದು. ಅವನಿಗೆ ಮುಂದಿನ ಪಾಠಕ್ಕೆ ಹೊತ್ತಾಗಿತ್ತು, ಬೈಕು ಹತ್ತಿ ಹೋದ. ನನಗೆ ಮಾತ್ರ ಅದು ಅಂದಿನಿಂದ ಗಂಟಲಲ್ಲಿ ಸಿಕ್ಕ ಮೀನಿನ ಮುಳ್ಳಾಗಿದೆ. (ಮೀನು ತಿನ್ನದ ಮನೆಯವಳಿಗೆ ಈ ಹೋಲಿಕೆ ಹೇಗೆ ಬಂತು ಎಂದು ಕೇಳಬೇಡಿ. ಕಡಲ ಪಕ್ಕದಲ್ಲಿ ಇದ್ದು ಇದ್ದು ಬಂದಿದೆ.)

ಸಾವಕಾಶದಿಂದ ಶುರುಮಾಡು ಎಂಬುದು ಹೊಸ ಮಾತೇನೂ ಅಲ್ಲ. ಕರ್ನಾಟಕ ಸಂಗೀತ ಕಲಿಯುವ ಮಗು ಮೊದಲು ಹೇಳುವ ಸರಳೆ ವರಸೆಯನ್ನು ಕಟ್ಟಿಕೊಟ್ಟವರು ಪುರಂದರದಾಸರು ಎಂದು ಸಂಪ್ರದಾಯ ನಂಬುತ್ತದೆ. ಅದನ್ನು ಒಂದನೆಯ ಕಾಲ, ಎರಡನೆಯ ಕಾಲ, ಮೂರನೆಯ ಕಾಲ ಎಂದು ಮೂರು ವೇಗದಲ್ಲಿ ಹೇಳಿಸುತ್ತಾರೆ. ಪ್ರತಿ ಕಾಲವೂ ಹಿಂದಿನದಕ್ಕಿಂತ ಇಮ್ಮಡಿ. ಚಿಕ್ಕವಳಿದ್ದಾಗ ಭಟ್ಕಳದ ನನ್ನ ತವರಿನಲ್ಲಿ ಒಂದು ವರ್ಷ ನಾನೂ ಕಲಿತಿದ್ದೆ. ನಮಗೆಲ್ಲ ಮೂರನೆಯ ಕಾಲ ಯಾವಾಗ ಬರುತ್ತದೋ ಎಂದೇ ಕಾತರ, ಒಂದನೆಯ ಕಾಲದಲ್ಲಿ ಆಕಳಿಕೆ. ಆ ಆಕಳಿಕೆಯಲ್ಲಿಯೇ ಶ್ರುತಿ ಜಾರುತ್ತಿತ್ತು ಎಂಬುದು ಯಾರಿಗೆ ತಿಳಿದಿತ್ತು? ಯುರೋಪಿನಲ್ಲಿ 1815ರಲ್ಲಿ ಮೇಲ್ಜೆಲ್ ಎಂಬಾತ ಈ ಟಿಕ್ ಟಿಕ್ ಯಂತ್ರಕ್ಕೆ, ಮೆಟ್ರೊನೋಮಿಗೆ, ಪೇಟೆಂಟು ಪಡೆದ. ಅದರ ಲೆಕ್ಕವನ್ನು ತನ್ನ ಸಂಗೀತಕ್ಕೆ ಬರೆದುಕೊಟ್ಟ ಮೊದಲ ದೊಡ್ಡ ಸಂಗೀತಗಾರ ಬೀಥೋವನ್. ಅದಕ್ಕೂ ಮೊದಲು ಹೆಚ್ಚಾಗಿ ಇದ್ದದ್ದು ಮನುಷ್ಯನ ಎದೆಬಡಿತ, ಗುರುವಿನ ಕೈತಾಳ. ಕೈತಾಳಕ್ಕೆ ಕರುಣೆ ಇರುತ್ತದೆ, ನಾವು ತಡವರಿಸಿದರೆ ಅದೂ ಒಂದು ಕ್ಷಣ ಕಾಯುತ್ತದೆ. ಯಂತ್ರ ಕಾಯುವುದಿಲ್ಲ. ಹಾಗೆಂದು ಅದು ನಮ್ಮನ್ನು ಓಡಿಸುವುದೂ ಇಲ್ಲ. ಓಡುವುದು ನಾವೇ. ಅರವತ್ತರ ಟಿಕ್ಕಿಗೆ ಸರಿಯಾಗಿ ನಿಲ್ಲಲು ಪ್ರಯತ್ನಿಸಿ ನೋಡಿ, ಎಷ್ಟು ಸಲ ಬೆರಳು ಮುಂಚೆಯೇ ಹೋಗಿ ಕೂತಿರುತ್ತದೆ ಎಂದು ಗೊತ್ತಾಗುತ್ತದೆ.

ಹುಡುಗ ಒಂದು ನಿಯಮ ಹಾಕಿದ. ಹೋಗಿ ಬರುವುದು ಐದು ಸಲ ಒಂದರ ಮೇಲೊಂದು ಶುದ್ಧವಾಗಿ ಬಂದರೆ ಮಾತ್ರ ವೇಗವನ್ನು ನಾಲ್ಕು ಏರಿಸಬೇಕು, ಅರವತ್ತರಿಂದ ಅರವತ್ತನಾಲ್ಕು. ಐದನೆಯ ಸಲದ ಕೊನೆಯ ಸ್ವರದಲ್ಲಿ ತಪ್ಪಿದರೂ ಪುನಃ ಒಂದರಿಂದ ಎಣಿಸಬೇಕು. ಎಣಿಸುವುದು ನಾನೇ. ಮಧ್ಯಾಹ್ನ ಎರಡೂವರೆಗೆ, ಇವರು ಮಲಗಿದ ಮೇಲೆ, ಜಗಲಿಯಲ್ಲಿ ನಾನೊಬ್ಬಳೇ.

ಒಂದು ದಿನ ನಾಲ್ಕು ಸಲ ಚೆನ್ನಾಗಿ ಬಂತು. ಐದನೆಯದರಲ್ಲಿ, ತಿರುಗಿ ಬರುವಾಗ, ಉಂಗುರದ ಬೆರಳಿನಲ್ಲಿ ಸಣ್ಣದೊಂದು ‘ಗರ್’. ಕೇಳಿಯೂ ಕೇಳದಷ್ಟು. ನಾನು ಬಾರಿಸುತ್ತಲೇ ಹೋದೆ, ಮುಗಿಸಿದೆ, “ಐದು” ಎಂದು ಬಾಯಿಬಿಟ್ಟು ಹೇಳಿದೆ. ಮೊಬೈಲಿನಲ್ಲಿ ಅರವತ್ತನಾಲ್ಕು ಒತ್ತಿದೆ.

ಆಮೇಲೆ ಯೋಚನೆಗಿಟ್ಟುಕೊಂಡಿತು. ಇದು ಏನಾಯಿತು? ಮೋಸ ಎನ್ನೋಣವೇ? ಮೋಸ ಎನ್ನಲು ಮೋಸಹೋದವರು ಯಾರಾದರೂ ಇರಬೇಕಲ್ಲ. ಹುಡುಗ ಕೇಳುವುದಿಲ್ಲ. ಪರೀಕ್ಷೆ ಇಲ್ಲ, ಸಂಬಳ ಇಲ್ಲ, ಸಭೆ ಇಲ್ಲ. ಅರವತ್ತೆರಡರ ನಾನು ಅರವತ್ತನಾಲ್ಕಕ್ಕೆ ಇವತ್ತೇ ಏರಿದರೂ ಮುಂದಿನ ವಾರ ಏರಿದರೂ ಪ್ರಪಂಚದಲ್ಲಿ ಒಂದು ಹುಲ್ಲುಕಡ್ಡಿಯೂ ಅಲುಗುವುದಿಲ್ಲ. ಹಾಗಾದರೆ “ಐದು” ಎಂದು ನಾನು ಯಾರಿಗೆ ಹೇಳಿದೆ? ಯಾರೂ ಕೇಳದ ತಪ್ಪು ತಪ್ಪೇ?

ಹೊನ್ನಾವರದ ಗೆಳತಿಯೊಬ್ಬಳಿಗೆ ಇದನ್ನು ಹೇಳಿದೆ. ಅವಳು ನನ್ನ ಜೊತೆಗೇ ಶಾಲೆಯಲ್ಲಿ ಇದ್ದವಳು, ನನಗಿಂತ ಬುದ್ಧಿವಂತೆ. “ನಿಂಗೆ ಬೇರೆ ಕೆಲಸ ಇಲ್ವೇನೆ?” ಎಂದು ನಕ್ಕಳು. ನಕ್ಕು ಆದ ಮೇಲೆ ಅವಳು ಹೇಳಿದ್ದನ್ನು ಸುಲಭಕ್ಕೆ ತಳ್ಳಿಹಾಕುವ ಹಾಗಿರಲಿಲ್ಲ. ಸಂಗೀತ ಇರುವುದು ಕೇಳುವವರಿಗೆ. ಕೇಳುವವರ ಕಿವಿಗೆ ತಪ್ಪು ಬೀಳದಿದ್ದರೆ ಅಲ್ಲಿ ತಪ್ಪೇ ಇಲ್ಲ. ಮನೆಯಲ್ಲಿ ಬಡಿಸುವಾಗ ಅಡಿ ಹಿಡಿದ ಸಾರನ್ನು ಕದಡದೆ ಮೇಲಿನಿಂದ ಮೊಗೆದು ಬಡಿಸುವುದಿಲ್ಲವೇ? ಉಂಡವರು ರುಚಿಯಾಗಿದೆ ಎನ್ನುತ್ತಾರೆ. ಅಷ್ಟಕ್ಕೆ ನಾವು ಪಾಪಿಗಳೇ? ಹೆಂಗಸರಿಗೆ ಇರುವ ತಪ್ಪುಗಳ ಪಟ್ಟಿಯೇ ಉದ್ದವಾಗಿದೆ, ಅದಕ್ಕೆ ಯಾರೂ ಕೇಳದ ತಪ್ಪುಗಳನ್ನೂ ಸೇರಿಸಬೇಡ ಎಂದಳು.

ಈ ಕೊನೆಯ ಮಾತಿಗೆ ನನ್ನಲ್ಲಿ ಈಗಲೂ ಸರಿಯಾದ ಉತ್ತರ ಇಲ್ಲ. ಮೊದಲನೆಯದಕ್ಕೆ ಮಾತ್ರ ಅನ್ನಪೂರ್ಣಾದೇವಿಯವರು ನೆನಪಾದರು. ಅಲಾವುದ್ದೀನ್ ಖಾನರ ಮಗಳು, ಸುರ್‌ಬಹಾರ್ ನುಡಿಸುತ್ತಿದ್ದವರು. 1950ರ ದಶಕದ ನಂತರ ಸಭೆಗಳಲ್ಲಿ ನುಡಿಸುವುದನ್ನು ಬಿಟ್ಟು ಮುಂಬಯಿಯ ಮನೆಯೊಳಗೇ ಉಳಿದರು. ಹರಿಪ್ರಸಾದ್ ಚೌರಾಸಿಯಾ, ನಿಖಿಲ್ ಬ್ಯಾನರ್ಜಿ ಅಂಥವರು ಅವರ ಬಳಿ ಹೋಗಿ ಕಲಿತರು. 2018ರಲ್ಲಿ ತೀರಿಹೋಗುವ ತನಕವೂ ಹೊರಗಿನ ಜನಕ್ಕೆ ಅವರ ವಾದ್ಯ ಕೇಳಲಿಲ್ಲ. ಅವರು ಹಾಗೇಕೆ ಮಾಡಿದರು ಎಂಬುದು ಅವರ ಸಂಸಾರದ ಸಂಗತಿ, ಅದರಲ್ಲಿ ದುಃಖ ಎಷ್ಟು ಪಾಲು, ಹಟ ಎಷ್ಟು ಪಾಲು ಎಂದು ಅಳೆಯಲು ನಾನು ಯಾರು? ನನಗೆ ಬೇಕಾದದ್ದು ಇಷ್ಟೇ: ಮುಚ್ಚಿದ ಬಾಗಿಲ ಹಿಂದೆ ಒಂದು ಸ್ವರ ತಪ್ಪಿದ್ದರೆ ಅವರು ಅದನ್ನು ಹಾಗೇ ಬಿಡುತ್ತಿದ್ದರೆಂದು ಯಾರಾದರೂ ನಂಬುತ್ತಾರೆಯೇ? ಕೇಳುವ ಕಿವಿ ಅಲ್ಲಿ ಒಂದು ಇತ್ತು. ಅವರದೇ.

ಇನ್ನು ಅಡಿ ಹಿಡಿದ ಸಾರು. ಗೆಳತಿಯ ಮಾತಿಗೆ ನಾನು ಎದುರಿಡುವುದು ನನ್ನ ತವರಿನ ಮಲ್ಲಿಗೆ. ಭಟ್ಕಳ ಮಲ್ಲಿಗೆಯ ಹೆಸರು ನೀವು ಕೇಳಿರುತ್ತೀರಿ. ಅಲ್ಲಿ ಮನೆಮನೆಯಲ್ಲಿ ಹೆಂಗಸರು ಬಾಳೆನಾರು ನೆನೆಸಿಟ್ಟುಕೊಂಡು ಮೊಗ್ಗು ಕಟ್ಟುತ್ತಾರೆ. ನಮ್ಮ ಚಿಕ್ಕಮ್ಮ ಕಟ್ಟುವುದನ್ನು ನೋಡಬೇಕು. ಮಾತು ನಮ್ಮ ಜೊತೆ, ಕಣ್ಣು ಅಂಗಳದ ಕರುವಿನ ಮೇಲೆ, ಕೈಯಲ್ಲಿ ಮಾತ್ರ ಮೊಳದ ಮೇಲೆ ಮೊಳ ಬೆಳೆಯುತ್ತಿರುತ್ತದೆ. ನಾನೂ ಆ ವೇಗಕ್ಕೆ ಆಸೆಪಟ್ಟು ಕಟ್ಟುತ್ತಿದ್ದೆ. ನನ್ನ ಮಾಲೆಯೂ ಕಣ್ಣಿಗೆ ಹಾಗೆಯೇ ಕಾಣುತ್ತಿತ್ತು. ಚಿಕ್ಕಮ್ಮ ಅದರ ತುದಿ ಹಿಡಿದು ಒಮ್ಮೆ ಮೆಲ್ಲಗೆ ಕೊಡವಿದರೆ ಹತ್ತು ಮೊಗ್ಗು ಕೆಳಗೆ. ಅವಳು ಕೊಡವದಿದ್ದರೆ? ಮಾಲೆ ಪೇಟೆಗೆ ಹೋಗುತ್ತಿತ್ತು, ಯಾರೋ ಕೊಂಡು ಮುಡಿಯುತ್ತಿದ್ದರು, ಸಂಜೆ ಯಾರದೋ ಮದುವೆಯ ಚಪ್ಪರದಲ್ಲಿ, ಯಾರದೋ ಬೆನ್ನ ಮೇಲೆ ಮೊಗ್ಗುಗಳು ಉದುರುತ್ತಿದ್ದವು. ಕಟ್ಟಿದವಳಿಗೆ ಅದು ಎಂದೂ ತಿಳಿಯುವುದಿಲ್ಲ. ಸಡಿಲ ಗಂಟು ಕಟ್ಟುವ ಹೊತ್ತಿನಲ್ಲಿ ಕಾಣದಿದ್ದ ಮಾತ್ರಕ್ಕೆ ಬಿಗಿಯಾಗುವುದಿಲ್ಲ.

ಇಷ್ಟು ಹೇಳಿದೆ ಎಂದು ನಾನು ವೇಗದ ಶತ್ರು ಎಂದುಕೊಳ್ಳಬೇಡಿ. ನಿಧಾನವೇ ಪ್ರಧಾನ ಎಂದು ಗೋಡೆಗೆ ಬರೆದಿಟ್ಟು ಅದರ ಅಡಿಯಲ್ಲಿ ತೂಕಡಿಸುವವರನ್ನು ಕಂಡರೆ ನನಗೆ ಮೈಯುರಿಯುತ್ತದೆ. ಇದೇ ಹೊನ್ನಾವರ ತಾಲ್ಲೂಕಿನ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರನನ್ನು ನಾನು ಕಂಡಿದ್ದೇನೆ. 2012ರಲ್ಲಿ ಅವರಿಗೆ ಪದ್ಮಶ್ರೀ ಬಂತು, 2017ರಲ್ಲಿ ತೀರಿಕೊಂಡರು. ಚೆಂಡೆ ಏರುತ್ತ ಏರುತ್ತ ಹೋದಂತೆ ಅವರ ಹೆಜ್ಜೆಯೂ ಏರುತ್ತಿತ್ತು. ಆದರೆ ಎಷ್ಟು ಏರಿದರೂ ಒಂದೊಂದು ಹೆಜ್ಜೆಯೂ ಬೇರೆ ಬೇರೆಯಾಗಿ ಕಾಣುತ್ತಿತ್ತು, ಒಂದು ಇನ್ನೊಂದನ್ನು ನುಂಗುತ್ತಿರಲಿಲ್ಲ. ಎಲೆಕ್ಟ್ರಿಕ್ ಮ್ಯಾಂಡೋಲಿನ್ನಿನಲ್ಲಿ ಕರ್ನಾಟಕ ಸಂಗೀತ ನುಡಿಸುತ್ತಿದ್ದ ಯು. ಶ್ರೀನಿವಾಸ್ (1969–2014) ಅವರನ್ನು ರೇಡಿಯೋದಲ್ಲಿ ಕೇಳುವಾಗಲೂ ಹಾಗೇ, ಬೆಂಡೆಬೀಜ ಚೆಲ್ಲಿದ ಹಾಗೆ ಸ್ವರಗಳು ಓಡುತ್ತವೆ, ಒಂದಕ್ಕೊಂದು ಅಂಟುವುದಿಲ್ಲ. ಅಂಥ ವೇಗ ಸುಂದರ. ನಾನು ಹೇಳುತ್ತಿರುವುದು ಇನ್ನೊಂದು ವೇಗದ ಮಾತು. ಏನನ್ನೋ ಮುಚ್ಚಿಕೊಳ್ಳಲು ಓಡುವ ವೇಗ.

ನಮ್ಮ ಅಪ್ಸರಕೊಂಡದ ನೀರನ್ನೇ ನೋಡಿ. ಆಷಾಢದಲ್ಲಿ ಅದು ಒಂದೇ ಅಬ್ಬರ. ಕೊಂಡದ ಬಳಿ ನಿಂತು ಪಕ್ಕದವರಿಗೆ ಏನಾದರೂ ಹೇಳಬೇಕೆಂದರೆ ಕಿರುಚಬೇಕು. ಮಾರ್ಚ್ ಏಪ್ರಿಲಿನಲ್ಲಿ ಬಂಡೆಯ ಮೇಲೆ ನಾಲ್ಕಾರು ಎಳೆ ಇಳಿಯುತ್ತವೆ. ಆಗ ಹೋಗಿ ಕೂತರೆ ಒಂದೊಂದು ಹನಿ ಎಲ್ಲಿ ಬಿತ್ತು, ಕಲ್ಲಿನ ಮೇಲೆ ಬಿತ್ತೋ ನೀರಿಗೆ ಬಿತ್ತೋ ಎಂದು ಕಿವಿಗೇ ತಿಳಿಯುತ್ತದೆ. ಈಗ ಪ್ರವಾಸಿಗರು ಹೆಚ್ಚು, ಅದರಲ್ಲೂ 2020ರಲ್ಲಿ ಕಾಸರಕೋಡಿನ ಕಡಲತೀರಕ್ಕೆ ಬ್ಲೂ ಫ್ಲ್ಯಾಗ್ ಮನ್ನಣೆ ಬಂದ ಮೇಲೆ. ಬೇಸಿಗೆಯಲ್ಲಿ ಬಂದವರು “ನೀರೇ ಇಲ್ಲವಲ್ಲ” ಎಂದು ಒಂದು ಫೋಟೋ ಹೊಡೆದುಕೊಂಡು ಹೋಗುತ್ತಾರೆ. ಆ ಬೇಸಿಗೆಯಲ್ಲೇ, ಕೊಂಡದ ಮೆಟ್ಟಿಲ ಮೇಲೆ ಕೂತಿದ್ದಾಗ, ನನಗೆ ಅತ್ತೆಯವರು ನೆನಪಾದದ್ದು. ಇಲ್ಲಿಯವರೆಗೆ ಸುತ್ತಿಬಳಸಿ ಬಂದದ್ದು ಇದನ್ನು ಹೇಳಲು ಮನಸ್ಸು ಬಾರದೆ ಎಂದು ನಿಮಗೆ ಹೊಳೆದಿರಬಹುದು.

1996ರ ಮಳೆಗಾಲದಲ್ಲಿ ಅತ್ತೆಯವರಿಗೆ ಲಕ್ವ ಹೊಡೆಯಿತು. ಬಲಭಾಗ ಪೂರ್ತಿ ಹೋಯಿತು, ಮಾತು ತೊದಲಿತು. ಮೂರು ವರ್ಷ ಹಾಸಿಗೆಯಲ್ಲಿದ್ದರು. ನನಗೆ ಹತ್ತು ಗಂಟೆಗೆ ಶಾಲೆ, ಒಂಬತ್ತೂ ಕಾಲಿಗೆ ಹೆದ್ದಾರಿಯಲ್ಲಿ ಟೆಂಪೋ. ಅದರೊಳಗೆ ಮಗನ ತಿಂಡಿ, ಡಬ್ಬಿ, ಮನೆಯವರ ಚಾ, ದೇವರ ಹೂವು, ಅತ್ತೆಯವರ ಮೈ ಒರೆಸುವುದು, ಬಟ್ಟೆ ಬದಲಿಸುವುದು, ಗಂಜಿ ಕುಡಿಸುವುದು. ಮೊದಮೊದಲು ಅರ್ಧ ಗಂಟೆ ಹಿಡಿಯುತ್ತಿದ್ದ ಗಂಜಿ ದಿನ ಹೋದಂತೆ ಇಪ್ಪತ್ತು ನಿಮಿಷಕ್ಕೆ, ಆಮೇಲೆ ಹನ್ನೆರಡು ನಿಮಿಷಕ್ಕೆ ಬಂತು. ನನಗೆ ಈ ಹನ್ನೆರಡು ಚೆನ್ನಾಗಿ ನೆನಪಿದೆ, ಏಕೆಂದರೆ ಎದುರಿಗೇ ಗಡಿಯಾರ ಇತ್ತು. ಚಮಚ ಬಾಯಿಗೆ, ಗಲ್ಲ ಒರೆಸು, ಚಮಚ ಬಾಯಿಗೆ. ಅವರು ಇನ್ನೂ ನುಂಗಿರುತ್ತಿರಲಿಲ್ಲ, ಮುಂದಿನ ಚಮಚ ತುಟಿಯ ಹತ್ತಿರ ಕಾಯುತ್ತಿತ್ತು. ನೋಡಲು ಬಂದ ನೆಂಟರೆಲ್ಲ ಹೊಗಳುವವರೇ. “ಕೈ ಎಷ್ಟು ಚುರುಕೇ ನಿಂದು! ಸೊಸೆ ಅಂದ್ರೆ ಹೀಗಿರಕು.” ನಾನು ಬೀಗುತ್ತಿದ್ದೆ, ಸುಳ್ಳೇಕೆ ಹೇಳಲಿ.

ಒಂದು ದಿನ ಅವರು ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದರು. ಆ ಕೈಯಲ್ಲಿ ಅಷ್ಟು ಬಲ ಇದೆ ಎಂದು ನನಗೆ ಗೊತ್ತಿರಲಿಲ್ಲ. ತೊದಲುತ್ತ ಒಂದೇ ಮಾತು ಹೇಳಿದರು. “ಸಾವಕಾಶ.”

ಅಂದು ಸಾವಕಾಶವಾಗಿಯೇ ಕುಡಿಸಿದೆ. ಟೆಂಪೋ ತಪ್ಪಿತು, ಶಾಲೆಯಲ್ಲಿ ಮಾತು ಕೇಳಿದೆ. ಮರುದಿನ ಪುನಃ ಹನ್ನೆರಡು ನಿಮಿಷ. ಅವರು ಮತ್ತೆ ಕೈ ಹಿಡಿಯಲಿಲ್ಲ.

ಇಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ನೌಕರಿಗೆ ಹೋಗುವ, ಮನೆಯಲ್ಲಿ ಕಾಯಿಲೆಯವರಿರುವ ಯಾವ ಹೆಂಗಸಿನ ಬೆಳಗೂ ಇದಕ್ಕಿಂತ ಬೇರೆಯಾಗಿರುವುದಿಲ್ಲ, ನಿಮ್ಮಲ್ಲಿ ಎಷ್ಟೋ ಜನ ಇದನ್ನು ಓದುತ್ತ ನನ್ನ ಪರವಾಗಿಯೇ ವಾದಿಸುತ್ತಿರಬಹುದು. ಮುಳ್ಳು ಇರುವುದು ಬೇರೆ ಕಡೆ. ಭಾನುವಾರ ಶಾಲೆ ಇರಲಿಲ್ಲವಲ್ಲ. ಟೆಂಪೋ ಇರಲಿಲ್ಲ. ಮಗ ಹತ್ತರವರೆಗೆ ಮಲಗಿರುತ್ತಿದ್ದ. ನನ್ನ ಮುಂದೆ ಇಡೀ ಬೆಳಗು ಖಾಲಿ ಬಿದ್ದಿರುತ್ತಿತ್ತು. ಭಾನುವಾರವೂ ನಾನು ಅತ್ತೆಯವರಿಗೆ ಗಂಜಿ ಕುಡಿಸುತ್ತಿದ್ದದ್ದು ಹನ್ನೆರಡು ನಿಮಿಷದಲ್ಲಿಯೇ. ದಸರಾ ರಜೆಯಲ್ಲಿಯೂ. ಬೇಸಿಗೆಯ ಎರಡು ತಿಂಗಳಿನಲ್ಲಿಯೂ.

ಇದು ನನಗೆ ಆಗ ಗೊತ್ತೇ ಇರಲಿಲ್ಲ. ಸುಮಾರು ಇಪ್ಪತ್ತೈದು ವರ್ಷದ ಮೇಲೆ, ಕೊಂಡದ ಮೆಟ್ಟಿಲ ಮೇಲೆ ಕೂತು ಬೆರಳುಗಳಲ್ಲಿ ಒಂದು ಎರಡು ಮೂರು ನಾಲ್ಕು ಎಂದು ಸುಮ್ಮನೆ ಅಭ್ಯಾಸ ಮಾಡುತ್ತಿದ್ದಾಗ ಗೊತ್ತಾಯಿತು. ನೂರು ಸಲ ಮಾಡಿದ್ದನ್ನು ಕೈ ಕಲಿಯುತ್ತದೆ. ಸೋಮವಾರದಿಂದ ಶನಿವಾರದವರೆಗೆ ಟೆಂಪೋ ನನ್ನನ್ನು ಓಡಿಸಿತು, ನಿಜ. ಭಾನುವಾರ ಓಡಿದವಳು ಯಾರು?

ನಮ್ಮವರಿಗೆ ಇದನ್ನು ಹೇಳಿದಾಗ, “ನೀ ಎಂತಕ್ಕೆ ಈಗ ಅದನ್ನೆಲ್ಲ ಕೆದಕ್ತೆ? ಆಯಿಯನ್ನ ನಿನ್ನಷ್ಟು ಚಲೋ ಯಾರು ನೋಡಿಕೊಳ್ತಿದ್ರು?” ಎಂದರು. ಪ್ರೀತಿಯಿಂದಲೇ ಅಂದದ್ದು. ಆದರೆ ಆ ಮೂರು ವರ್ಷವೂ ಇವರು ಬೆಳಿಗ್ಗೆ ತೋಟಕ್ಕೆ ಒಂದು ಸುತ್ತು ಹೋಗಿ ಬಂದು, ಚಾ ಕುಡಿಯುತ್ತ, ಪೇಪರನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಸಾವಕಾಶವಾಗಿ ಓದುತ್ತಿದ್ದರು. ಚಮಚ ಹಿಡಿಯಬೇಕೆಂದು ಅವರಿಗೂ ಹೊಳೆಯಲಿಲ್ಲ, ಹೇಳಬೇಕೆಂದು ನನಗೂ ಹೊಳೆಯಲಿಲ್ಲ, ಅತ್ತೆಯವರಿಗಂತೂ ಮಗನ ಕೈಯಿಂದ ಗಂಜಿ ಕುಡಿಯುವುದು ಕನಸಿನಲ್ಲಿಯೂ ಬಂದಿರಲಿಕ್ಕಿಲ್ಲ. ಮೂವರೂ ಒಂದೊಂದನ್ನು ನೂರಾರು ಸಲ ಮಾಡಿ ಕಲಿತವರು. ಗೆಳತಿ ಹೇಳಿದ್ದರಲ್ಲಿ ಅರ್ಧ ಸತ್ಯ ಇರುವುದು ಇಲ್ಲಿ. ಹೊರೆ ಹೊರಿಸಿದವರ ಲೆಕ್ಕವನ್ನು ಬಿಟ್ಟು ಹೊತ್ತವಳು ವಾಲಿದ್ದನ್ನಷ್ಟೇ ಎಣಿಸುವುದು ನ್ಯಾಯವಲ್ಲ. ಆದರೂ ಭಾನುವಾರಗಳು ಉಳಿದುಬಿಡುತ್ತವೆ. ಅವನ್ನು ನಾನು ಹಂಚಿಕೊಡಲು ಹೊರಟರೂ ಯಾರೂ ತೆಗೆದುಕೊಳ್ಳಲಾರರು.

1999ರ ಮಾಘದಲ್ಲಿ ಅವರು ಹೋದರು. ಕೊನೆಯ ವಾರ ಏನೂ ನುಂಗುತ್ತಿರಲಿಲ್ಲ. ತುಟಿಗೆ ಹನಿ ಹನಿ ನೀರು ಬಿಡುತ್ತಿದ್ದೆವು. ಅದನ್ನು ಮಾತ್ರ ಅವಸರ ಮಾಡಿ ಬಿಡಲು ಬರುವುದಿಲ್ಲ.

ಊರಿನವರು ಕೇಳಿದ ಪ್ರಶ್ನೆ ಒಂದು ಬಾಕಿ ಇದೆ, ಇದರಿಂದ ಯಾರಿಗೆ ಏನು ಉಪಯೋಗ ಎಂಬುದು. ಒಂದು ಗಂಟೆಯಲ್ಲಿ ಹಪ್ಪಳ ಮಾಡಬಹುದು, ಹಿತ್ತಿಲ ಕಳೆ ಕೀಳಬಹುದು, ಮೊಮ್ಮಗುವಿಗೆ ಸ್ವೆಟರು ಹೆಣೆಯಬಹುದು. ಅವೆಲ್ಲವನ್ನೂ ನಾನು ಈಗಲೂ ಮಾಡುತ್ತೇನೆ, ಚುರುಕಾಗಿಯೇ. ಆದರೆ ಆ ಕೆಲಸಗಳಲ್ಲಿ ನನ್ನ ತಪ್ಪನ್ನು ನಾನು ಕೇಳಿಸಿಕೊಳ್ಳುವ ಪುರುಸೊತ್ತು ಎಂದೂ ಸಿಕ್ಕಿರಲಿಲ್ಲ. ಹಪ್ಪಳ ಒಣಗಬೇಕು, ಬಿಸಿಲು ಹೋಗುತ್ತದೆ. ಮಗು ಬೆಳೆಯುತ್ತದೆ, ಸ್ವೆಟರು ಮುಗಿಯಬೇಕು. ಈ ನಲವತ್ತೆಂಟು ಸ್ವರಗಳಿಗೆ ಮಾತ್ರ ಯಾವ ಗಡುವೂ ಇಲ್ಲ. ಮುಗಿಸಲೇಬೇಕಾದ್ದಲ್ಲ, ಯಾರಿಗೂ ಬೇಕಾದ್ದಲ್ಲ, ಅದರಿಂದಲೇ ಏನೋ, ಅವುಗಳ ಎದುರು ಸುಳ್ಳು ಹೇಳಿದರೆ ಸುಳ್ಳು ಅಂತಲೇ ಕಾಣುತ್ತದೆ. ಇದನ್ನು ಉಪಯೋಗ ಎನ್ನಬಹುದೋ ಇಲ್ಲವೋ ನನಗೆ ತಿಳಿಯದು. ಹಾರ್ಮೋನಿಯಮ್ಮಿನಲ್ಲೂ ಇದು ಸಿಗುತ್ತಿತ್ತೋ ಏನೋ. ಆದರೆ ಅಂದು ಗೋಡೆಯ ಮೇಲಿದ್ದದ್ದು ಗಿಟಾರ್.

ಅಂದು ಕದ್ದು ಏರಿದ ಅರವತ್ತನಾಲ್ಕನ್ನು ಆಮೇಲೆ ಅರವತ್ತಕ್ಕೆ ಇಳಿಸಿದೆ. ಹುಡುಗನಿಗೆ ಹೇಳಿದೆ. ಅವನು, “ನಾನೂ ಮಾಡ್ತಿದ್ದೆ ಅಕ್ಕೋರೆ” ಎಂದು ನಕ್ಕ. ಆ ಧೈರ್ಯದಲ್ಲಿ ಇನ್ನೊಂದನ್ನೂ ಹೇಳಿದೆ, ಅವನ ಮುಖ ನನಗೆ ನೆನಪಿಲ್ಲ ಎಂದು. ಅದಕ್ಕೆ ಅವನು ನಗಲಿಲ್ಲ. ಸ್ವಲ್ಪ ಹೊತ್ತು ತಂತಿ ಶ್ರುತಿ ಮಾಡಿ, “ನಾನು ಹಿಂದಿನ ಬೆಂಚಲ್ಲಿ ಕೂತ್ಕೊಳ್ತಿದ್ದೆ. ಬರೆಯೂದು ತಡ ಆಗ್ತಿತ್ತು. ನೀವು ಬೋರ್ಡು ಒರೆಸಿ ಬಿಡ್ತಿದ್ರಿ” ಎಂದ.

ಬೆರಳ ತುದಿಗಳು ಈಗ ಗಟ್ಟಿಯಾಗಿವೆ. ಒಂಬತ್ತು ತಿಂಗಳಲ್ಲಿ ಎಪ್ಪತ್ತೆರಡರವರೆಗೆ ಬಂದಿದ್ದೇನೆ. ನಿನ್ನೆ ಮಧ್ಯಾಹ್ನ ಜೋರು ಮಳೆ, ಗುಡ್ಡದ ಕಡೆಯಿಂದ ಕೊಂಡದ ಅಬ್ಬರ ಜಗಲಿಯವರೆಗೂ ಕೇಳುತ್ತಿತ್ತು. ಮೊಬೈಲನ್ನು ಕಿವಿಯ ಹತ್ತಿರ ಇಟ್ಟುಕೊಂಡು ಎಪ್ಪತ್ತಾರರಲ್ಲಿ ಶುರುಮಾಡಿದೆ. ನಾಲ್ಕು ಸಲ ಬಂತು. ಐದನೆಯದರಲ್ಲಿ, ಮೂರನೆಯ ತಂತಿಯ ಮೇಲೆ, ಕಿರುಬೆರಳು ಒಂದು ಕೂದಲೆಳೆಯಷ್ಟು ಹಿಂದೆ ಬಿತ್ತು. ಆ ಮಳೆಯಲ್ಲಿ ಅದು ಯಾರಿಗೂ ಕೇಳುವ ಹಾಗಿರಲಿಲ್ಲ. ಒಳಗಿನಿಂದ ಇವರು, “ಇವತ್ತು ಚಲೋ ಬಂತಲೆ” ಎಂದರು.

ನಾನು ಪುನಃ ಒಂದರಿಂದ ಎಣಿಸಿದೆ.